ಟೇಬಲ್ ಸಾಗೆ ಬೇರೆ ಮೈಟರ್ ಗೇಜ್ ತೆಗೆದುಕೊಳ್ಳಬೇಕು, ಯಾವುದು ಆದೀತು?

ಹೆಬ್ಬಲಸು | ಪೆರ್ಲ

ನಮಸ್ಕಾರ. ನನ್ನಲ್ಲಿರುವುದು 10 ಇಂಚಿನ ಟೇಬಲ್ ಸಾ (ಮೇಜಿನ ನಡುವಿಂದ ಗರಗಸದ ಬ್ಲೇಡು ಮೇಲೆ ಬರುವ ಯಂತ್ರ), ಕಾಲು ಮಡಚಿ ಮೂಲೆಯಲ್ಲಿ ನಿಲ್ಲಿಸುವಂಥದ್ದು. ತಂದು ಎರಡು ವರ್ಷ ಆಯಿತು. ಹಲಗೆ ಉದ್ದಕ್ಕೆ ಸೀಳುವಾಗ ಒಂದು ದೂರೂ ಇಲ್ಲ. ಅಡ್ಡ ಕೊಯ್ಯಲು ಹೋದರೆ ತಲೆಬಿಸಿ ಶುರು.

ಊರಿನ ವಾಚನಾಲಯದ ವಾರ್ಷಿಕೋತ್ಸವಕ್ಕೆ ಹಳೇ ಯಕ್ಷಗಾನದ ಫೋಟೋಗಳಿಗೆ 16 ಫ್ರೇಮ್ ಮಾಡಿಕೊಡುತ್ತೇನೆ ಎಂದು ಬಾಯಿ ತಪ್ಪಿ ಒಪ್ಪಿಕೊಂಡೆ. ಮನೆ ಹಿಂದೆ ಬಿದ್ದ ಹಲಸಿನ ಮರವನ್ನು ಮಿಲ್ಲಿನಲ್ಲಿ ಕೊಯ್ಯಿಸಿ ಇಟ್ಟಿದ್ದೆ. 50 ಮಿ.ಮೀ. ಅಗಲದ ಪಟ್ಟಿ ಮಾಡಿದೆ. ಮೊದಲ ಫ್ರೇಮಿನ ಮೂರು ಮೂಲೆ ಚಂದ ಕೂತಿತು. ನಾಲ್ಕನೆಯದರಲ್ಲಿ ಹತ್ತು ರೂಪಾಯಿ ನಾಣ್ಯ ತೂರುವಷ್ಟು ಸಂದು!

ಸಾ ಜೊತೆ ಬಂದ ಮೈಟರ್ ಗೇಜ್, ಅಂದರೆ ಹಲಗೆಯನ್ನು ಬೇಕಾದ ಕೋನಕ್ಕೆ ಹಿಡಿದು ಬ್ಲೇಡಿನತ್ತ ತಳ್ಳುವ ಸಾಧನ, ಆಟಿಕೆ ಹಾಗೆ ಉಂಟು. ತಲೆ ಹಿಡಿದು ಅಲ್ಲಾಡಿಸಿದರೆ ಟಕಟಕ ಸದ್ದು. ಈಗ ಮೂರು ಕಣ್ಣಿಗೆ ಬಿದ್ದಿವೆ. ಒಂದು ಆನ್‌ಲೈನಿನಲ್ಲಿ ಹತ್ತು ಹೆಸರಲ್ಲಿ ಮಾರುವ ಕೆಂಪು ಅಲ್ಯೂಮಿನಿಯಂ ಗೇಜ್, ಫೆನ್ಸ್ (ಹಲಗೆ ಒರಗಿಸುವ ನೇರ ಪಟ್ಟಿ) ಸಮೇತ. ಇನ್ನೊಂದು ಇಂಕ್ರಾ ವಿ27. ಮತ್ತೊಂದು ಕ್ರೆಗ್. ಕೊನೆಯ ಎರಡೂ ಅಮೆರಿಕದವು, ಬೆಲೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಬಳಸಿದವರು ಹೇಳಿ.

ಕಾಸರಗೋಡು ಪೇಟೆಯಲ್ಲಿ ಕೇಳಿ ನೋಡಿದೆ. ಮೈಟರ್ ಗೇಜ್ ಅಂದರೆ ಮೀಟರ್ ಟೇಪ್ ತಂದಿಟ್ಟರು. ಎರಡನೇ ಅಂಗಡಿಯಲ್ಲಿ ಮಲಯಾಳದಲ್ಲಿ ಕೇಳಿದೆ. ಅಲ್ಲೂ ಟೇಪೇ ಬಂತು.

ಮರದಹುಡಿ | ಕುಂಬಳೆ

ಆ ಕೆಂಪು ಗೇಜ್ ನನ್ನಲ್ಲಿ ಉಂಟು. ತಲೆ ಒಳ್ಳೇದು, ಸುಳ್ಳು ಹೇಳುವುದಿಲ್ಲ. 5 ಡಿಗ್ರಿಗೊಂದು ತೂತು, 22.5ಕ್ಕೂ ಒಂದು. ಪಿನ್ನು ಟಕ್ಕೆಂದು ಕೂರುತ್ತದೆ. ಗೇಜಿನ ಅಡಿಯ ಬಾರ್ ಮಾತ್ರ ನನ್ನ ಮೇಜಿನ ಸ್ಲಾಟಿನಲ್ಲಿ, ಅಂದರೆ ಅದು ಜಾರುವ ಕಾಲುವೆಯಲ್ಲಿ, ಸಡಿಲ. ಸಾ ಜೊತೆ ಬಂದದ್ದಕ್ಕಿಂತಲೂ ಸಡಿಲ! ವಾಪಸ್ ಕಳಿಸುತ್ತೇನೆ ಅಂದರೆ ಮಾರಿದವರಿಂದ ಉತ್ತರವೇ ಇಲ್ಲ. ಕೊನೆಗೆ ಬಾರಿನ ಬದಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪು ಅಂಟಿಸಿ ಓಡಿಸುತ್ತಿದ್ದೇನೆ. ತಿಂಗಳಿಗೊಮ್ಮೆ ಟೇಪು ಸವೆಯುತ್ತದೆ, ಮತ್ತೆ ಅಂಟಿಸುತ್ತೇನೆ.

ಸಾಗುವಾನಿ | ಅಕ್ಕಲಕೋಟೆ

ದುಡ್ಡು ಒಂದೇ ಸಲ ಹಾಕಿ ಅಂತ ನಾನು ಹೇಳ್ತೀನ್ರಿ. ಇಂಕ್ರಾ ತರಿಸಿ ನಾಲ್ಕು ವರ್ಷ ಆಯಿತು. ಅದರ ಬಾರಿನಲ್ಲಿ ಸಣ್ಣ ಬಿಲ್ಲೆಗಳಿವೆ. ಸ್ಕ್ರೂ ತಿರುಗಿಸಿದರೆ ಬಿಲ್ಲೆ ಹಿಗ್ಗಿ ಸ್ಲಾಟಿನ ಎರಡೂ ಗೋಡೆಗೆ ತಾಗುತ್ತದೆ. ಅಲ್ಲಾಟ ಅನ್ನುವುದೇ ಇಲ್ಲ. 45ಕ್ಕೆ ಇಟ್ಟು ಕೊಯ್ದು, 90ಕ್ಕೆ ತಂದು, ಮತ್ತೆ 45ಕ್ಕೆ ಹೋದರೆ ಅದೇ 45 ಸಿಗುತ್ತದೆ. ನಾನು ದುಡ್ಡು ಕೊಟ್ಟದ್ದು ಅದಕ್ಕೆ.

ಒಂದು ಮಾತು ಗೊತ್ತಿರಲಿ. ವಿ27ಗೆ ಉದ್ದನೆಯ ಫೆನ್ಸ್ ಬರುವುದಿಲ್ಲ, ಬರೀ ತಲೆ ಮತ್ತು ಬಾರ್. ಅದಕ್ಕೆ ನೀವೇ ಒಂದು ನೇರ ಹಲಗೆ ಕಟ್ಟಬೇಕು. ಉದ್ದನೆಯ ಫೆನ್ಸ್, ಸ್ಟಾಪ್ (ಉದ್ದ ಒಂದೇ ಬರಲು ಪಟ್ಟಿಯ ತುದಿ ತಾಗಿಸುವ ತಡೆ) ಎಲ್ಲ ಬೇಕಂದರೆ ಅವರದೇ 1000 ಸರಣಿ ನೋಡಿ. ಕ್ರೆಗ್ ನಾನು ಗೆಳೆಯನ ಹತ್ತಿರ ನೋಡಿದ್ದೇನೆ. ಅದಕ್ಕೆ 24 ಇಂಚಿನ ಫೆನ್ಸ್ ಮತ್ತು ಮಡಚುವ ಸ್ಟಾಪ್ ಜೊತೆಗೇ ಬರುತ್ತದೆ. ತಲೆ ತಾನಾಗಿ ಗಟ್ಟಿ ಕೂರುವ ಜಾಗ 0, 10, 22.5, 30, 45 ಡಿಗ್ರಿಗೆ ಇದೆ. ನಡುವಿನ ಕೋನಕ್ಕೆ ವರ್ನಿಯರ್ ಗೀಟು, ಅಂದರೆ ಡಿಗ್ರಿಯ ಸಣ್ಣ ಭಾಗವನ್ನೂ ಓದುವ ಅಳತೆಗೆರೆ. ಫ್ರೇಮಿಗೆ ಅಷ್ಟು ಧಾರಾಳ ಸಾಕು.

ಬೆಲೆಯ ಮೇಲೆ ಕೊರಿಯರ್, ಕಸ್ಟಮ್ಸ್ ಬೇರೆ ಬೀಳುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ, ಆಮೇಲೆ ಮನೆಯವರ ಹತ್ತಿರ ಮಾತಾಡಿ.

ಹಳೇಮಾಷ್ಟ್ರು | ನೀರ್ಚಾಲು

ಎಲ್ಲರೂ ಅಂಗಡಿಗೇ ಹೊರಟಿರಲ್ಲ ಮಾರಾಯ್ರೆ. ಪೆರ್ಲದವರೇ, ನಿಮ್ಮ ಸ್ಲಾಟು ಎಷ್ಟು ಅಗಲ ಉಂಟು? ಅಳತೆ ಹೇಳದೆ ಅಂಗಿ ಹೊಲಿಸಲು ಹೋಗುತ್ತಾರಾ ಯಾರಾದರೂ?

ಅಮೆರಿಕದ ಗೇಜುಗಳೆಲ್ಲ ಮುಕ್ಕಾಲು ಇಂಚು ಅಗಲ, ಮೂರೆಂಟಾಂಶ ಇಂಚು ಆಳದ ಸ್ಲಾಟಿಗೆ ಮಾಡಿದವು. ನಮ್ಮ ಲೆಕ್ಕದಲ್ಲಿ 19.05 ಮತ್ತು 9.5 ಮಿ.ಮೀ. ಸಣ್ಣ ಸಾಗಳಲ್ಲಿ ಇದಕ್ಕಿಂತ ಕಿರಿದಾದ ಸ್ಲಾಟೂ ಇರುತ್ತದೆ. ಕೆಲವದರಲ್ಲಿ ಅಡಿಯಲ್ಲಿ ಟಿ ಆಕಾರ ಇರುತ್ತದೆ. ಬಾರಿನ ತುದಿಯ ಬಿಲ್ಲೆ ಅದರೊಳಗೆ ಹೋಗದಿದ್ದರೆ ಬಿಲ್ಲೆ ಬಿಚ್ಚಿ ತೆಗೆದರಾಯಿತು. ಆದರೆ ಅಗಲವೇ ಕಡಿಮೆ ಇದ್ದರೆ ಎಷ್ಟು ಸಾವಿರ ಕೊಟ್ಟ ಗೇಜೂ ಗೋಡೆಗೆ ತೂಗುಹಾಕಲು ಮಾತ್ರ ಆದೀತು. ವರ್ನಿಯರ್ ಕ್ಯಾಲಿಪರ್ ಇಟ್ಟು ಮೂರು ಕಡೆ ಅಳೆಯಿರಿ: ಮುಂದೆ, ನಡುವೆ, ಹಿಂದೆ. ಅಲ್ಯೂಮಿನಿಯಂ ಮೇಜಿನಲ್ಲಿ ಮೂರೂ ಒಂದೇ ಇರಬೇಕು ಅಂತ ಇಲ್ಲ.

ಎರಡನೆಯದು, ಬ್ಲೇಡು ಸ್ಲಾಟಿಗೆ ಸಮಾನಾಂತರ ಉಂಟಾ? ಪ್ಲಗ್ ಕಿತ್ತು, ಬ್ಲೇಡು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ. ಅದೇ ಹಲ್ಲನ್ನು ಮುಂದೆ ತಂದು ಸ್ಲಾಟಿನಿಂದ ದೂರ ಅಳೆಯಿರಿ, ಹಿಂದೆ ತಿರುಗಿಸಿ ಮತ್ತೆ ಅಳೆಯಿರಿ. ಬೇರೆ ಬೇರೆ ಹಲ್ಲಿನಲ್ಲಿ ಅಳೆದರೆ ಬ್ಲೇಡಿನ ಡೊಂಕೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೂರನೆಯದು ನಿಮ್ಮ ನಾಲ್ಕನೇ ಮೂಲೆಯ ಕಥೆ. ಒಂದು ಫ್ರೇಮಿಗೆ 8 ಕೊಯ್ತ. ಒಂದೊಂದರಲ್ಲಿ 0.2 ಡಿಗ್ರಿ ತಪ್ಪಿದರೆ ಕಣ್ಣಿಗೆ ಕಾಣುವುದಿಲ್ಲ. ಮೂರು ಮೂಲೆ ಒತ್ತಿ ಕೂರಿಸಿದರೆ ಎಂಟೂ ತಪ್ಪು ಸೇರಿ 1.6 ಡಿಗ್ರಿಯಾಗಿ ಕೊನೆಯ ಮೂಲೆಯಲ್ಲಿ ಹೊರಬರುತ್ತದೆ. 50 ಮಿ.ಮೀ. ಪಟ್ಟಿಯಲ್ಲಿ ಅದು ಹತ್ತಿರ ಹತ್ತಿರ 2 ಮಿ.ಮೀ. ಬಾಯಿ. ನಿಮ್ಮ ಹತ್ತು ರೂಪಾಯಿ ನಾಣ್ಯ ಎಲ್ಲಿಂದ ಬಂತು ಗೊತ್ತಾಯಿತಲ್ಲ.

ಹೊಸಬ | ತಾಳವಾಡಿ

ಮಾಷ್ಟ್ರೆ, ಸಡಿಲ ಅಂದರೆ ಎಷ್ಟು ಸಡಿಲ ಇದ್ದರೆ ತೊಂದರೆ? ನನ್ನದರಲ್ಲಿ ಪೇಪರ್ ತೂರುತ್ತದೆ.

ಲೇತ್‌ಮನೆ | ಹೊಸೂರು

ಇದಕ್ಕೆ ನಾನು ಹೇಳ್ತೀನಿ, ದಿನವೂ ನನ್ನ ಕೆಲಸವೇ ಇದು.

ಸಡಿಲ ಎಷ್ಟು ಅನ್ನುವುದರ ಜೊತೆಗೆ, ಬಾರು ಎಷ್ಟು ಉದ್ದ ಸ್ಲಾಟಿನ ಒಳಗಿದೆ ಅನ್ನುವುದೂ ಮುಖ್ಯ. 0.3 ಮಿ.ಮೀ. ಸಡಿಲ ಅಂತ ಇಟ್ಟುಕೊಳ್ಳಿ. ಬಾರು 300 ಮಿ.ಮೀ. ಒಳಗಿದ್ದರೆ ತಿರುಗುವುದು 0.06 ಡಿಗ್ರಿ. ಅದೇ ಬಾರು 100 ಮಿ.ಮೀ. ಮಾತ್ರ ಒಳಗಿದ್ದರೆ 0.17. ಸಣ್ಣ ಸಾಗಳಲ್ಲಿ ಬ್ಲೇಡಿನ ಮುಂದೆ ಮೇಜು ಒಂದು ಗೇಣೂ ಇರುವುದಿಲ್ಲ. ಅಗಲದ ಹಲಗೆ ಇಟ್ಟರೆ ಗೇಜಿನ ತಲೆ ಮೇಜಿನ ಹೊರಗೆ ನೇತಾಡುತ್ತದೆ, ಬಾರಿನ ಮೂಗು ಮಾತ್ರ ಒಳಗೆ. ಕೊಯ್ತ ಶುರುವಾಗುವುದೇ ಆ ಕೆಟ್ಟ ಜಾಗದಲ್ಲಿ. ಆಗ ಯಾವ ಬ್ರ್ಯಾಂಡೂ ಕಾಪಾಡುವುದಿಲ್ಲ.

ಸುಮ್ನೆ ಮಾಡಬಹುದಾದ ಒಂದು ಉಪಾಯ: ಕೊಯ್ಯುವಾಗ ಗೇಜನ್ನು ಯಾವಾಗಲೂ ಒಂದೇ ಬದಿಗೆ ಒತ್ತಿ ತಳ್ಳಿ. ಸಡಿಲ ಇದ್ದರೂ ಪ್ರತಿ ಸಲ ಒಂದೇ ಕಡೆ ಸಡಿಲ.

ಸರಿ ಮಾಡಲೇಬೇಕು ಅಂದರೆ ಬಾರಿನ ಬದಿಯಲ್ಲಿ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಗುಂಡಿಯ ಸುತ್ತ ಲೋಹ ಉಬ್ಬುತ್ತದೆ. ನಾಲ್ಕೈದು ಕಡೆ ಹೊಡೆದು, ಜಾಸ್ತಿ ಆದದ್ದನ್ನು ಅರದಿಂದ ತಿಕ್ಕಿ. ಉಕ್ಕಿನ ಬಾರಿಗೆ ಇದು ವರ್ಷಗಟ್ಟಲೆ ನಿಲ್ಲುತ್ತದೆ. ಅಲ್ಯೂಮಿನಿಯಂ ಬಾರಿಗೆ ಬೇಗ ಸವೆಯುತ್ತದೆ. ಅದಕ್ಕೆ ಬದಿಯಿಂದ ಎರಡು ತೂತು ಕೊರೆದು, ಎಂ5 ಟ್ಯಾಪ್ ಹೊಡೆದು (5 ಮಿ.ಮೀ. ಸ್ಕ್ರೂ ಹಿಡಿಯುವ ಸುತ್ತುಗೆರೆ ಕೊರೆದು), ನೈಲಾನ್ ತುದಿಯ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಹಾಕಿ. ಬೇಕಾದಷ್ಟು ಬಿಗಿ, ಬೇಕಾದಷ್ಟು ಸಡಿಲ.

ಇಲ್ಲಿ ಹೊಸೂರಿನಲ್ಲಿ ಒಬ್ಬರಿಗೆ ಬ್ರೈಟ್ ಬಾರ್ (ನಯವಾದ ಉಕ್ಕಿನ ಪಟ್ಟಿ) ತಂದು ಸರ್ಫೇಸ್ ಗ್ರೈಂಡರಿನಲ್ಲಿ ಅವರ ಸ್ಲಾಟಿಗೆ ಸರಿಯಾಗಿ ಉಜ್ಜಿ ಕೊಟ್ಟೆ. ತಲೆ ಅದೇ ಅಗ್ಗದ ಕೆಂಪು ತಲೆ. ಈಗ ಅವರು ಇಂಕ್ರಾ ಹೆಸರೇ ಎತ್ತುವುದಿಲ್ಲ.

ಸಾಗುವಾನಿ | ಅಕ್ಕಲಕೋಟೆ

ಲೇತ್‌ಮನೆಯವರೇ, ನಿಮ್ಮ ಹತ್ತಿರ ಗ್ರೈಂಡರ್ ಇದೆ, ಹೇಳ್ತೀರಿ. ನಮ್ಮ ಕಡೆ ಅಂಥ ಕೆಲಸ ಮಾಡಿಸಲು ಒಂದು ದಿನ ಬಿಟ್ಟು ಸೊಲ್ಲಾಪುರಕ್ಕೆ ಓಡಬೇಕು. ಆ ದಿನದ ಕೂಲಿಗೂ ಲೆಕ್ಕ ಇಡಿ.

ಲೇತ್‌ಮನೆ | ಹೊಸೂರು

ಅದು ಸರಿ. ಒಪ್ಪಿದೆ.

ಬಡಗಿಮಗ | ಉಪ್ಪಳ

ನಮ್ಮ ಅಪ್ಪ ಜೀವಮಾನ ಇಡೀ ಒಂದೇ ಒಂದು ಗೇಜ್ ಕಂಡವರಲ್ಲ. 45ಕ್ಕೆ ಕೈಗರಗಸದಲ್ಲಿ ಒಂದು ಕೂದಲು ಬಿಟ್ಟು ಕೊಯ್ಯುತ್ತಿದ್ದರು. ಆಮೇಲೆ ಒಂದು ಹಲಗೆ, ಅದರ ಮೇಲೆ 45ಕ್ಕೆ ಹೊಡೆದ ರೀಪಿನ ಕಟ್ಟೆ. ಪಟ್ಟಿಯನ್ನು ಕಟ್ಟೆಗೆ ಒತ್ತಿ ಹಿಡಿದು ರಂದವನ್ನು ಅಡ್ಡ ಮಲಗಿಸಿ ಎರಡು ಸಲ ಎಳೆದರೆ ಮೂಲೆ ಕನ್ನಡಿ ಹಾಗೆ. ನಾನು ಈಗಲೂ ಸಾಗಲ್ಲಿ ಕೊಯ್ದು ಕೊನೆಗೆ ಅದರಲ್ಲೇ ಮುಗಿಸುವುದು. 16 ಫ್ರೇಮಿಗೆ 128 ತುದಿ. ಒಂದಕ್ಕೆ ಒಂದು ನಿಮಿಷ ಅಂದರೂ ಎರಡು ಗಂಟೆ ಚಿಲ್ಲರೆ. ರಂದದ ಉಳಿ ಹರಿತ ಇರಬೇಕು, ಅಷ್ಟೇ. ಹಲಸಿನ ತುದಿ ಮೊಂಡು ಉಳಿಗೆ ಪುಡಿ ಪುಡಿ ಕಿತ್ತು ಬರುತ್ತದೆ.

ಹೆಬ್ಬಲಸು | ಪೆರ್ಲ

ಎಲ್ಲರಿಗೂ ಥ್ಯಾಂಕ್ಸ್. ಮಾಷ್ಟ್ರು ಹೇಳಿದ ಹಾಗೆ ನಿನ್ನೆ ರಾತ್ರಿ ಅಳೆದೆ. ಹೊರಗೆ ಧೋ ಮಳೆ, ಕರೆಂಟು ಹೋಗಿತ್ತು, ಹೆಂಡತಿ ಟಾರ್ಚ್ ಹಿಡಿದಳು. "ಇದಕ್ಕಿಂತ ಒಂದು ಫ್ರೇಮ್ ಕೊಂಡುಕೊಳ್ಳಬಾರದಾ" ಅಂದಳು. ಅದನ್ನು ಇಲ್ಲಿಗೆ ಬಿಡೋಣ.

ಸ್ಲಾಟು 19.1, ಮೂರು ಕಡೆಯೂ ಹೆಚ್ಚುಕಡಿಮೆ ಅಷ್ಟೇ. ಬಾರು 18.7. ಅಂದರೆ 0.4 ಸಡಿಲ. ಬ್ಲೇಡು ಹಿಂದಿನ ಕಡೆ ಅರ್ಧ ಮಿ.ಮೀ. ಓರೆ.

ಈಗ ನನ್ನ ಮರ್ಯಾದೆ ಹೋಗುವ ವಿಷಯ. ನಾನು ಇಷ್ಟು ದಿನ 45 ಸೆಟ್ ಮಾಡುತ್ತಿದ್ದದ್ದು ಮೂಲೆಮಟ್ಟವನ್ನು ಬ್ಲೇಡಿಗೇ ಒತ್ತಿ ಹಿಡಿದು.

ಹಳೇಮಾಷ್ಟ್ರು | ನೀರ್ಚಾಲು

ಅಲ್ಲೇ ಉಂಟು ನೋಡಿ! ಗೇಜು ಓಡುವುದು ಸ್ಲಾಟಿನಲ್ಲಿ, ನೀವು ಹೊಂದಿಸಿದ್ದು ಬ್ಲೇಡಿಗೆ. ಆ ಎರಡರ ನಡುವೆ ಅರ್ಧ ಮಿ.ಮೀ. ಓರೆ. 230 ಮಿ.ಮೀ. ಉದ್ದಕ್ಕೆ ಅರ್ಧ ಮಿ.ಮೀ. ಅಂದರೆ 0.12 ಡಿಗ್ರಿ. ಎಂಟರಿಂದ ಗುಣಿಸಿದರೆ ಒಂದು ಡಿಗ್ರಿ ಅಲ್ಲಿಗೇ ಆಯಿತು. ಉಳಿದದ್ದು ಸಡಿಲ ಬಾರಿನದ್ದು. ಇನ್ನು ಮೇಲೆ ಮೂಲೆಮಟ್ಟವನ್ನು ಸ್ಲಾಟಿಗೆ ಹಿಡಿಯಿರಿ. ಸ್ಲಾಟಿನಲ್ಲಿ ಒಂದು ನೇರ ಪಟ್ಟಿ ಕೂರಿಸಿ ಅದಕ್ಕೆ ಒತ್ತಿದರೂ ಆದೀತು.

ಬ್ಲೇಡು ನೇರ ಮಾಡಲು ಮೇಜಿನ ಅಡಿಯಲ್ಲಿ ಮೋಟಾರು ಕೂರಿಸಿದ ಬೋಲ್ಟುಗಳಿವೆ. ಒಂದು ಬಿಟ್ಟು ಉಳಿದದ್ದನ್ನು ಸ್ವಲ್ಪ ಸಡಿಲಿಸಿ, ಮರದ ತುಂಡು ಇಟ್ಟು ಮೆಲ್ಲ ತಟ್ಟಿ. ಬಿಗಿ ಮಾಡುವಾಗ ಮತ್ತೆ ಜರುಗುತ್ತದೆ. ಬೈಯಬೇಡಿ, ಪುನಃ ಮಾಡಿ. ಆಮೇಲೆ ರಿಪ್ ಫೆನ್ಸನ್ನೂ (ಉದ್ದಕ್ಕೆ ಸೀಳುವಾಗ ಹಲಗೆ ಒರಗಿಸುವ ಮೇಜಿನ ಫೆನ್ಸ್) ಸ್ಲಾಟಿಗೆ ಹೊಂದಿಸಲು ಮರೆಯಬೇಡಿ.

ಹೊಸಬ | ತಾಳವಾಡಿ

ಗೇಜ್ 90ಕ್ಕೆ ಸರಿ ಇದೆಯಾ ಅಂತ ಮೂಲೆಮಟ್ಟ ಇಲ್ಲದೆ ನೋಡಬಹುದಾ? ನನ್ನ ಮೂಲೆಮಟ್ಟ ಎರಡು ಸಲ ನೆಲಕ್ಕೆ ಬಿದ್ದಿದೆ.

ಹಳೇಮಾಷ್ಟ್ರು | ನೀರ್ಚಾಲು

ಬಿದ್ದ ಮೂಲೆಮಟ್ಟವನ್ನು ನಂಬಬೇಡಿ. ಐದು ಕೊಯ್ತದ ಪರೀಕ್ಷೆ ಮಾಡಿ. ಒಂದಡಿ ಚದರದ ಪ್ಲೈವುಡ್ ತುಂಡು ತೆಗೆದುಕೊಳ್ಳಿ. ಒಂದು ಬದಿ ಕೊಯ್ಯಿರಿ. ಕೊಯ್ದ ಬದಿಯನ್ನು ಗೇಜಿನ ಫೆನ್ಸಿಗೆ ತಿರುಗಿಸಿ ಮುಂದಿನ ಬದಿ ಕೊಯ್ಯಿರಿ. ಹೀಗೆ ನಾಲ್ಕೂ ಆದ ಮೇಲೆ ಮೊದಲು ಕೊಯ್ದ ಬದಿಯಿಂದ ಎರಡು ಬೆರಳು ಅಗಲದ ಪಟ್ಟಿ ತೆಗೆಯಿರಿ. ಅದು ಐದನೇ ಕೊಯ್ತ. ಪಟ್ಟಿಯ ಎರಡು ತುದಿಯ ಅಗಲ ಅಳೆಯಿರಿ. ವ್ಯತ್ಯಾಸ 0.8 ಬಂದರೆ ನಾಲ್ಕರಿಂದ ಭಾಗಿಸಿ: 0.2. ಅಂದರೆ ಒಂದಡಿಗೆ 0.2 ಮಿ.ಮೀ. ಓರೆ, 0.04 ಡಿಗ್ರಿ. ತಪ್ಪು ನಾಲ್ಕು ಪಟ್ಟು ದೊಡ್ಡದಾಗಿ ಕಾಣುವುದರಿಂದ ಸಾದಾ ಕ್ಯಾಲಿಪರೇ ಸಾಕು. ನನ್ನ ವಿದ್ಯಾರ್ಥಿಗಳಿಗೆ ಇದು ಮಾಡಿಸಿದರೆ ಬಾಯಿ ಬಿಟ್ಟು ನೋಡುತ್ತಿದ್ದರು.

ಮರದಹುಡಿ | ಕುಂಬಳೆ

ಉದ್ದ ಒಂದೇ ಬರಲಿ ಅಂತ ಯಾರೂ ರಿಪ್ ಫೆನ್ಸಿಗೆ ತುದಿ ತಾಗಿಸಿ ಮೈಟರ್ ಗೇಜಲ್ಲಿ ತಳ್ಳಬೇಡಿ. ನಾನು ತಳ್ಳಿದ್ದೆ. ಕೊಯ್ದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಂಡು ಹಾರಿ ಬಂತು. ಹೊಟ್ಟೆಯ ಮೇಲೆ ಅಂಗೈಯಷ್ಟು ದೊಡ್ಡ ನೀಲಿ ಗುರುತು, ಹದಿನೈದು ದಿನ ಇತ್ತು. ಮುಖಕ್ಕೆ ಬಂದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಫೆನ್ಸ್ ಬೇಕೇ ಬೇಕಾದರೆ ಬ್ಲೇಡಿಗಿಂತ ತುಂಬಾ ಈಚೆ, ನೀವು ನಿಂತ ಕಡೆಗೆ, ಫೆನ್ಸಿಗೆ ಒಂದು ಮರದ ತುಂಡು ಕ್ಲ್ಯಾಂಪ್ ಮಾಡಿ. ಅದಕ್ಕೆ ತಾಗಿಸಿ ಅಳತೆ ಹಿಡಿಯಿರಿ. ಕೊಯ್ಯುವ ಹೊತ್ತಿಗೆ ತುಂಡು ಅದನ್ನು ದಾಟಿರಬೇಕು.

ಅದಕ್ಕೇ ಗೇಜ್ ತೆಗೆದುಕೊಳ್ಳುವಾಗ ಫೆನ್ಸಿನಲ್ಲಿ ಸ್ಟಾಪ್ ಇರುವುದನ್ನೇ ತೆಗೆದುಕೊಳ್ಳಿ ಅನ್ನುವುದು. ಫ್ರೇಮಿನ ಎದುರು ಬದುರು ಪಟ್ಟಿ ಒಂದು ಮಿ.ಮೀ. ಹೆಚ್ಚುಕಡಿಮೆ ಆದರೂ ಕೋನ ಎಷ್ಟು ಸರಿ ಇದ್ದು ಏನು ಬಂತು?

ಸಾಗುವಾನಿ | ಅಕ್ಕಲಕೋಟೆ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಫೆನ್ಸಿನ ಮುಖಕ್ಕೆ 120 ನಂಬರ್ ಮರಳು ಕಾಗದ ಅಂಟಿಸಿ. 45ರಲ್ಲಿ ಬ್ಲೇಡು ಪಟ್ಟಿಯನ್ನು ಪಕ್ಕಕ್ಕೆ ಎಳೆಯುತ್ತದೆ, ಕಾಗದ ಹಿಡಿದುಕೊಳ್ಳುತ್ತದೆ. ಬ್ಲೇಡು 60 ಹಲ್ಲಿನದು ಹಾಕಿ. ಸೀಳುವ 24 ಹಲ್ಲಿನದರಲ್ಲಿ ಮೈಟರ್ ಕೊಯ್ದು ಗೇಜಿಗೆ ಬೈದವರನ್ನು ನೋಡಿದ್ದೇನೆ.

ಬಡಗಿಮಗ | ಉಪ್ಪಳ

ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಪೆರ್ಲದಣ್ಣ, ಆ ಹಲಸು ಕೊಯ್ಯಿಸಿ ಎಷ್ಟು ದಿನ ಆಯಿತು? ಬಿದ್ದ ಮರ ಅಂದಿರಿ.

ಹೆಬ್ಬಲಸು | ಪೆರ್ಲ

ಏಪ್ರಿಲಿನಲ್ಲಿ ಕೊಯ್ಯಿಸಿದ್ದು. ಅಡಿಕೆ ಗೋದಾಮಿನ ಅಟ್ಟದಲ್ಲಿ ಇಟ್ಟಿದ್ದೇನೆ.

ಬಡಗಿಮಗ | ಉಪ್ಪಳ

ಏಪ್ರಿಲಿಂದ ಈಗ ಜುಲೈ. ಮೂರು ತಿಂಗಳು, ಅದರಲ್ಲಿ ಒಂದೂವರೆ ತಿಂಗಳು ಮಳೆ. ಅದು ಒಣಗಿದ ಮರ ಅಲ್ಲ ಅಣ್ಣ.

ಮರ ಒಣಗಿದರೆ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದೇ ಇಲ್ಲ ಅನ್ನಬಹುದು. ಇವತ್ತು ಸರಿಯಾಗಿ 45 ಕೊಯ್ದರೂ ಫೆಬ್ರವರಿಗೆ ಅದು 45 ಆಗಿ ಉಳಿಯುವುದಿಲ್ಲ. ಹೊರಗಿನ ಮೊನೆ ತಾಗಿಕೊಂಡೇ ಇರುತ್ತದೆ, ಗಾಜಿನ ಕಡೆ ಬಾಯಿ ಬಿಡುತ್ತದೆ. ಒಣ ಮರದಲ್ಲಿ ಬೇಸಿಗೆಯಲ್ಲಿ ಮಾಡಿದ ಫ್ರೇಮ್ ಮಳೆಗಾಲದಲ್ಲಿ ಹಿಗ್ಗಿದರೆ ಉಲ್ಟಾ, ಹೊರಗಿನ ಮೊನೆ ಬಿಡುತ್ತದೆ. ಸಂದು ಯಾವ ಕಡೆ ಬಂದಿದೆ, ಯಾವಾಗ ಬಂತು ಎಂದು ನೋಡಿದರೆ ತಪ್ಪು ಗೇಜಿನದ್ದೋ ಮರದ್ದೋ ಗೊತ್ತಾಗುತ್ತದೆ. ಕೊಯ್ದ ದಿನವೇ ಇದ್ದರೆ ಗೇಜು. ಆರು ತಿಂಗಳ ಮೇಲೆ ಬಂದರೆ ಮರ.

ವಾರ್ಷಿಕೋತ್ಸವ ಯಾವಾಗ?

ಹೆಬ್ಬಲಸು | ಪೆರ್ಲ

ನವೆಂಬರ್. ಮೊದಲ ಫ್ರೇಮಿನ ಸಂದು ಕೊಯ್ದ ದಿನವೇ ಇತ್ತು, ಆದ್ದರಿಂದ ಅದು ನನ್ನದೇ ತಪ್ಪು. ಉಳಿದ 15ಕ್ಕೆ ಚಿಕ್ಕಪ್ಪನ ಮನೆಯಲ್ಲಿ ಹಳೇ ಬಾಗಿಲಿನ ದಾರಂದ ಉಂಟು, ಹೆಬ್ಬಲಸು. ನಲ್ವತ್ತು ವರ್ಷ ಒಣಗಿದೆ. ಕೇಳಿ ನೋಡುತ್ತೇನೆ. ಮೊಳೆ ಹುಡುಕಿ ಕೀಳಬೇಕು, ಇಲ್ಲದಿದ್ದರೆ ಬ್ಲೇಡಿನ ಕಥೆ ಮುಗಿಯಿತು.

ಲೇತ್‌ಮನೆ | ಹೊಸೂರು

ಬರೀ ಫ್ರೇಮೇ ಮಾಡುವುದಾದರೆ ಗೇಜ್ ಬಿಡಿ, ಸ್ಲೆಡ್ (ಪಟ್ಟಿ ಇಟ್ಟು ಬ್ಲೇಡಿನತ್ತ ತಳ್ಳುವ ಜಾರುಹಲಗೆ) ಮಾಡಿ. 12 ಮಿ.ಮೀ. ಪ್ಲೈವುಡ್, ಅಡಿಯಲ್ಲಿ ಎರಡೂ ಸ್ಲಾಟಿಗೆ ಎರಡು ಪಟ್ಟಿ, ಮೇಲೆ ಎರಡು ಫೆನ್ಸ್ ಬಾಣದ ಮೊನೆ ಹಾಗೆ. ಆ ಎರಡು ಫೆನ್ಸಿನ ನಡುವೆ ಸರಿಯಾಗಿ 90 ಇದ್ದರೆ ಸಾಕು. ಒಂದು ಪಟ್ಟಿಯನ್ನು ಎಡಕ್ಕೆ ಕೊಯ್ಯಿರಿ, ಅದಕ್ಕೆ ಸೇರುವುದನ್ನು ಬಲಕ್ಕೆ. ಎಡದ್ದು 45.2 ಆದರೆ ಬಲದ್ದು ತಾನಾಗಿ 44.8. ಸೇರಿದರೆ 90. ತಪ್ಪು ಕೂಡುವ ಬದಲು ಕಳೆದುಹೋಗುತ್ತದೆ. ಎಂಟರಿಂದ ಗುಣಿಸುವ ತಲೆಬಿಸಿಯೇ ಇಲ್ಲ. 90 ಹಿಡಿಯುವುದು 45 ಹಿಡಿಯುವುದಕ್ಕಿಂತ ಎಷ್ಟೋ ಸುಲಭ.

ಮೇಲೆ ನನ್ನ ಬ್ರೈಟ್ ಬಾರಿನ ಮಾತು ಬರೆದು ಈಗ ಪ್ಲೈವುಡ್ ಅನ್ನುತ್ತಿದ್ದೇನೆ. ನಗಬೇಡಿ.

ಸಾಗುವಾನಿ | ಅಕ್ಕಲಕೋಟೆ

ಸ್ಲೆಡ್ಡಲ್ಲಿ 30 ಡಿಗ್ರಿ, 22.5 ಹೇಗೆ ಕೊಯ್ತೀರಿ? ಆರು ಮೂಲೆಯ ಪೆಟ್ಟಿಗೆ, ಎಂಟು ಮೂಲೆಯ ಸ್ಟೂಲ್ ಬಂದರೆ ಮತ್ತೆ ಗೇಜಿಗೇ ಬರಬೇಕು.

ಲೇತ್‌ಮನೆ | ಹೊಸೂರು

ಬಂದಾಗ ನೋಡೋಣ.

ಹೆಬ್ಬಲಸು | ಪೆರ್ಲ

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಬ್ಲೇಡು ನೇರ ಮಾಡಿದೆ, ಮೂರನೇ ಪ್ರಯತ್ನಕ್ಕೆ. ಈಗ ಕ್ಯಾಲಿಪರಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಳೇ ಬಾರಿಗೆ ಪಂಚ್ ಹೊಡೆದೆ. ಅದೇ ಆಟಿಕೆ ಗೇಜಿನಲ್ಲಿ ಐದು ಕೊಯ್ತದ ಪರೀಕ್ಷೆ ಮಾಡಿದರೆ ಒಂದಡಿಗೆ 0.15 ಬಂತು. ನನಗೇ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಮಾಡಿದೆ. 0.17.

ಫ್ರೇಮಿಗೆ ಸ್ಲೆಡ್ ಮಾಡಿದ್ದೇನೆ. ಚಿಕ್ಕಪ್ಪನ ದಾರಂದದಲ್ಲಿ ಎರಡು ಫ್ರೇಮ್ ಆಯಿತು. ನಾಲ್ಕನೇ ಮೂಲೆಗೆ ನಾಣ್ಯ ಹೋಗಲಿ, ಸಿಗರೇಟಿನ ಪೇಪರೂ ತೂರುವುದಿಲ್ಲ. ಕ್ರೆಗ್ ಸದ್ಯಕ್ಕೆ ಬೇಡ. ಫ್ರೇಮ್ ಮುಗಿದ ಮೇಲೆ ಮಗಳಿಗೆ ಆರು ಮೂಲೆಯ ಪೆಟ್ಟಿಗೆ ಮಾಡುವ ಆಲೋಚನೆ ಉಂಟು, ಆಗ ಅಕ್ಕಲಕೋಟೆಯವರಿಗೆ ಮತ್ತೆ ತೊಂದರೆ ಕೊಡುತ್ತೇನೆ.

ಈಗ ಹೊಸ ಸಮಸ್ಯೆ. ಸ್ಲೆಡ್ಡಿನ ಅಡಿಯ ಪಟ್ಟಿಗೆ ಅದೇ ಹಸಿ ಹಲಸು ಹಾಕಿದ್ದೆ. ಮೊನ್ನೆ ಬೆಣ್ಣೆ ಹಾಗೆ ಜಾರುತ್ತಿತ್ತು. ಎರಡು ದಿನ ಬಿಡದೆ ಮಳೆ ಹೊಯ್ದು ಇವತ್ತು ಸ್ಲಾಟಿನಲ್ಲಿ ಕಚ್ಚಿಕೊಂಡಿದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಬಡಗಿಮಗ | ಉಪ್ಪಳ

ಹೇಳಿದೆನಲ್ಲ ಅಣ್ಣ!

ಹಳೇಮಾಷ್ಟ್ರು | ನೀರ್ಚಾಲು

ಸುತ್ತಿಗೆಯಲ್ಲಿ ಹೊಡೆಯಬೇಡಿ. ಹಿಂದಿನಿಂದ ಮೆಲ್ಲ ತಟ್ಟಿ ಹೊರಗೆ ತೆಗೆಯಿರಿ. ಎಲ್ಲಿ ಉಜ್ಜಿದೆಯೋ ಅಲ್ಲಿ ಪಟ್ಟಿಯ ಬದಿ ಕಪ್ಪು ಮಿರುಗುತ್ತಿರುತ್ತದೆ, ಅಲ್ಯೂಮಿನಿಯಂ ಹತ್ತಿಕೊಂಡದ್ದು. ಆ ಕಪ್ಪು ಹೋಗುವಷ್ಟು ಮಾತ್ರ ರಂದ ಎಳೆಯಿರಿ, ಜಾಸ್ತಿ ಬೇಡ, ಬೇಸಿಗೆಯಲ್ಲಿ ಸಡಿಲ ಆದೀತು. ಮೇಲಿಂದ ಮೇಣದ ಬತ್ತಿ ತಿಕ್ಕಿ. ಎಣ್ಣೆ ಹಾಕಬೇಡಿ, ಮರದ ಹುಡಿ ಹಿಡಿದುಕೊಳ್ಳುತ್ತದೆ. ಪುರುಸೊತ್ತಾದಾಗ ಒಣ ತೇಗದ ಪಟ್ಟಿ ಹಾಕಿ. ನನ್ನಲ್ಲಿ ಒಂದು ತುಂಡು ಉಂಟು, ನೀರ್ಚಾಲು ಕಡೆ ಬಂದರೆ ಕೊಂಡುಹೋಗಿ.